ಮಗನನ್ನು ಬೇರೆ ಶಾಲೆಯ ಫುಟ್‌ಬಾಲ್ ತಂಡಕ್ಕೆ ಕರೆದರೆ ಹುಷಾರು (ಟೆಕ್ಸಾಸಿನ ಕನ್ನಡ ಪೋಷಕರಿಗೆ)

ಡಲ್ಲಾಸ್ ಸುತ್ತಮುತ್ತ ಇರುವ, ಮಗ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಆಡುತ್ತಿರುವ ಕನ್ನಡದವರಿಗೆ ಇದು. (ಊರಲ್ಲಿ ಕೂತು ಓದುತ್ತಿರುವವರಿಗೆ: ಕಾಲಲ್ಲಿ ಒದೆಯುವ ಆಟ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಒಬ್ಬರನ್ನೊಬ್ಬರು ಗುದ್ದಿ ಬೀಳಿಸುವ ಆಟ.) ನಮ್ಮವರ ಮಕ್ಕಳು ಕ್ರಿಕೆಟ್ಟು, ಟೆನಿಸ್ಸು, ಸ್ಪೆಲಿಂಗ್ ಬೀ ಬಿಟ್ಟು ಈ ಕಡೆ ಬರುವುದು ಕಮ್ಮಿ. ಹಾಗಾಗಿ ಯಾರನ್ನಾದರೂ ಕೇಳೋಣ ಅಂದರೂ ಗೊತ್ತಿರುವವರು ಸಿಗುವುದಿಲ್ಲ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗನನ್ನು ಬೇರೆ ಶಾಲೆಗೆ ಸೆಳೆಯುವವರ ಹೆಸರು ಯಾವ ಕಾಗದದ ಮೇಲೂ ಇರುವುದಿಲ್ಲ, ನಿಮ್ಮ ಸಹಿ ಮಾತ್ರ ಇರುತ್ತದೆ. ಆಮೇಲೆ ಎಡವಟ್ಟಾದರೆ ಆಟ ತಪ್ಪುವುದು ಹುಡುಗನಿಗೆ.

ನಮ್ಮ ಮಗ ವೈಡ್ ರಿಸೀವರ್, ಅಂದರೆ ಮುಂದೆ ಓಡಿ ಎಸೆದ ಬಾಲ್ ಹಿಡಿಯುವವನು. ಹತ್ತನೇ ಕ್ಲಾಸಿಗೇ ವಾರ್ಸಿಟಿಗೆ, ಅಂದರೆ ಶಾಲೆಯ ಮುಖ್ಯ ತಂಡಕ್ಕೆ, ಬಂದಿದ್ದ. ಆದರೆ ಅಲ್ಲಿನ ಕೋಚ್ ಬಾಲ್ ಹಿಡಿದು ಓಡುವ ಆಟವನ್ನೇ ನಂಬಿದವರು, ಇವನ ಕಡೆಗೆ ಪಾಸ್ ಬರುವುದೇ ಅಪರೂಪ. ಸೀಸನ್ ಮುಗಿದ ಮೇಲೆ ಸೆವೆನ್ ಆನ್ ಸೆವೆನ್ ಅಂತ ನಡೆಯುತ್ತದೆ, ಪ್ಯಾಡ್ ಇಲ್ಲ, ಲೈನ್‌ಮನ್‌ಗಳಿಲ್ಲ, ಬರೀ ಎಸೆಯುವುದು ಹಿಡಿಯುವುದು. ಖಾಸಗಿ ಕ್ಲಬ್ ಒಂದರಲ್ಲಿ ಸೇರಿಸಿದ್ದೆವು. ಅಲ್ಲಿ ಇವನು ಮಿಂಚಿದ, ಅಲ್ಲಿಯ ಟ್ರೈನರ್ ಕಣ್ಣಿಗೂ ಬಿದ್ದ.

ಆ ಮನುಷ್ಯ ಒಳ್ಳೆಯ ಮಾತುಗಾರ. "ಇವನು ಆ ಶಾಲೆಯಲ್ಲಿ ಸುಮ್ನೆ ವೇಸ್ಟ್ ಆಗುತ್ತಿದ್ದಾನೆ" ಅಂತ ಶುರು ಮಾಡಿದರು. ಇನ್ನೊಂದು ಶಾಲೆಯ ಹೆಸರು ಹೇಳಿದರು, ಅಲ್ಲಿ ಮುಂದಿನ ವರ್ಷ ಇವನೇ ಸ್ಟಾರ್ಟರ್, ಕಾಲೇಜ್ ಕೋಚ್‌ಗಳು ಅಲ್ಲಿಗೆ ಸಾಲುಗಟ್ಟಿ ಬರುತ್ತಾರೆ, ಹನ್ನೊಂದನೇ ಕ್ಲಾಸಿನ ವಿಡಿಯೋ ಚೆನ್ನಾಗಿ ಬಂದರೆ ಸ್ಕಾಲರ್‌ಶಿಪ್ ಮನೆ ಬಾಗಿಲಿಗೆ ಬರುತ್ತದೆ, ಇತ್ಯಾದಿ. ಎಲ್ಲವೂ ಫೋನಿನಲ್ಲಿ. ಒಂದು ಮೆಸೇಜ್ ಇಲ್ಲ, ಒಂದು ಇಮೇಲ್ ಇಲ್ಲ. ನಾನು ಏನಾದರೂ ಬರೆದು ಕೇಳಿದರೆ ಐದು ನಿಮಿಷದಲ್ಲಿ ಫೋನ್ ಬರುತ್ತಿತ್ತು. ಆ ಶಾಲೆಯ ಕೋಚ್ ಮಾತ್ರ ಒಮ್ಮೆಯೂ ಮಾತಾಡಲಿಲ್ಲ. ಕಾರಣ ಈಗ ಗೊತ್ತು. ಟೆಕ್ಸಾಸಿನ ಸರ್ಕಾರಿ ಶಾಲೆಗಳ ಆಟ ನಡೆಸುವುದು ಯುಐಎಲ್ ಎಂಬ ಸಂಸ್ಥೆ. ಅದರ ನಿಯಮದ ಪ್ರಕಾರ ಶಾಲೆಯವರು ಬೇರೆ ಶಾಲೆಯ ಆಟಗಾರನನ್ನು ಆಟಕ್ಕಾಗಿ ಕರೆಯುವ ಹಾಗೇ ಇಲ್ಲ. ಅದಕ್ಕೇ ನಡುವೆ ಒಬ್ಬ ದಲ್ಲಾಳಿ. ಶಾಲೆಯವರ ಕೈಗೆ ಮಸಿ ಅಂಟುವುದಿಲ್ಲ.

ನೀವು ಆ ಶಾಲೆಯ ವ್ಯಾಪ್ತಿಯಲ್ಲಿ ವಾಸ ಇರಬೇಕು, ಅದು ಒಂದು ನಿಯಮ. ಟ್ರೈನರ್ ಅದಕ್ಕೂ ದಾರಿ ಹೇಳಿಕೊಟ್ಟರು. ಸಣ್ಣ ಅಪಾರ್ಟ್‌ಮೆಂಟ್ ಹಿಡಿಯಿರಿ, ಕರೆಂಟ್ ಬಿಲ್ ನಿಮ್ಮ ಹೆಸರಿಗೆ ಮಾಡಿಸಿ, ಒಬ್ಬರು ಅಲ್ಲಿ ಮಲಗಿದರೆ ಸಾಕು, ಎಲ್ಲರೂ ಹೀಗೇ ಮಾಡುತ್ತಾರೆ ಅಂತ. ನಮ್ಮ ಮನೆಯವರು ಖಡಾಖಂಡಿತವಾಗಿ ಆಗಲ್ಲ ಅಂದರು. ಹೋಗುವುದಾದರೆ ಸರಿಯಾಗಿಯೇ ಹೋಗೋಣ ಅಂತ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಮಗಳ ಶಾಲೆಯನ್ನೂ ಬದಲಿಸಿ, ದೇವರ ಫೋಟೋ ಸಮೇತ ಎಲ್ಲ ಸಾಮಾನು ಸಾಗಿಸಿದೆವು. ಒಂದು ಸುಳ್ಳು ವಿಳಾಸ ಇಲ್ಲ. ಇಷ್ಟು ಮಾಡಿದರೂ ಸಿಕ್ಕಿಬಿದ್ದೆವು. ಈ ಭಾಗವನ್ನು ದಯವಿಟ್ಟು ಗಮನವಿಟ್ಟು ಓದಿ.

ಒಂಬತ್ತನೇ ಕ್ಲಾಸಿನಿಂದ ಹನ್ನೆರಡರವರೆಗೆ ಒಂದು ಶಾಲೆಯಲ್ಲಿ ಆಡಿದ ಹುಡುಗ ಇನ್ನೊಂದು ಶಾಲೆಯಲ್ಲಿ ವಾರ್ಸಿಟಿ ಆಡಬೇಕಾದರೆ 'ಪ್ರೀವಿಯಸ್ ಅಥ್ಲೆಟಿಕ್ ಪಾರ್ಟಿಸಿಪೇಷನ್ ಫಾರ್ಮ್' ತುಂಬಬೇಕು. ಅದು ಹಳೆಯ ಶಾಲೆಗೂ ಹೋಗುತ್ತದೆ. ಈ ಹುಡುಗ ಆಟಕ್ಕಾಗಿ ಶಾಲೆ ಬಿಡುತ್ತಿದ್ದಾನಾ ಅಂತ ಅಲ್ಲಿ ಅವರನ್ನು ಕೇಳುತ್ತಾರೆ. ವಾಸದ ಪ್ರಶ್ನೆ ಬೇರೆ, ಉದ್ದೇಶದ ಪ್ರಶ್ನೆ ಬೇರೆ. ಮನೆ ನಿಜವಾಗಿಯೂ ಬದಲಾಗಿದ್ದರೂ, ಬದಲಿಸಿದ್ದು ಆಟಕ್ಕಾಗಿ ಅಂತ ತೀರ್ಮಾನವಾದರೆ ಕಡೇ ಪಕ್ಷ ಒಂದು ವರ್ಷ ವಾರ್ಸಿಟಿ ಆಡುವ ಹಾಗಿಲ್ಲ. ಇದನ್ನು ಟ್ರೈನರ್ ಹೇಳಲೇ ಇಲ್ಲ. ವಿಳಾಸ ಸರಿ ಇದ್ದರೆ ಮುಗೀತು ಅಂತಲೇ ಹೇಳುತ್ತಾ ಬಂದರು.

ಹಳೆಯ ಕೋಚ್ 'ಹೌದು, ಆಟಕ್ಕಾಗಿಯೇ' ಅಂತ ಬರೆದರು. ಅವರ ಮೇಲೆ ನನಗೆ ಕೋಪ ಇಲ್ಲ, ಅವರು ಬರೆದಿದ್ದು ನಿಜವೇ ಅಲ್ವಾ? ಹಾಗೆ ಬರೆದರೆ ವಿಷಯ ಡಿಸ್ಟ್ರಿಕ್ಟ್ ಕಮಿಟಿಗೆ ಹೋಗುತ್ತದೆ (ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ತಮ್ಮತಮ್ಮಲ್ಲಿ ಆಡುವ ಶಾಲೆಗಳ ಗುಂಪು). ಆ ಕಮಿಟಿಯಲ್ಲಿ ಕೂರುವವರು ಯಾರು ಅಂತ ಕೇಳಿದರೆ ನಗು ಬರುತ್ತದೆ. ಅದೇ ಡಿಸ್ಟ್ರಿಕ್ಟಿನ ಬೇರೆ ಬೇರೆ ಶಾಲೆಗಳ ಕಡೆಯವರು, ಅಂದರೆ ಆ ವರ್ಷ ನಿಮ್ಮ ಮಗ ಯಾರ ವಿರುದ್ಧ ಆಡಬೇಕೋ ಅವರೇ. ಇವನು ಆಡದಿದ್ದರೆ ಅವರಿಗೇನು ನಷ್ಟ?

ಅಲ್ಲಿ ಹೊರಗೆ ಬಂದ ಸಾಕ್ಷಿ ಟ್ರೈನರ್‌ನದೇ ಇನ್‌ಸ್ಟಾಗ್ರಾಮ್ ಪೋಸ್ಟ್. ನಾವು ಮನೆ ಬದಲಿಸುವ ಎಷ್ಟೋ ಮುಂಚೆ ನನ್ನ ಮಗನ ಫೋಟೋಕ್ಕೆ ಹೊಸ ಶಾಲೆಯ ಬಣ್ಣ ಬಳಿದು, ಬೆಂಕಿಯ ಎಮೋಜಿ ಹಾಕಿ, ದೊಡ್ಡ ಸುದ್ದಿ ಬರಲಿದೆ ಅಂತ ಹಾಕಿದ್ದರು. ತನ್ನ ಕ್ಲಬ್ಬಿಗೆ ಪ್ರಚಾರ ಬೇಕಿತ್ತು, ಅಷ್ಟೇ. ಕಮಿಟಿಯವರು ಅದನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ನಮ್ಮ ಮನೆಯವರು ಬಾಡಿಗೆ ಪತ್ರ, ಬಿಲ್ಲು, ಡ್ರೈವಿಂಗ್ ಲೈಸೆನ್ಸ್ ಎಲ್ಲ ಫೈಲಿನಲ್ಲಿ ಜೋಡಿಸಿಕೊಂಡು ಹೋಗಿದ್ದರು. ಅದನ್ನು ಯಾರೂ ತೆರೆದು ನೋಡಲೂ ಇಲ್ಲ. ಹೊಸ ಶಾಲೆಯ ಕೋಚ್ ಎದ್ದು ನಿಂತು, ಈ ಕುಟುಂಬವನ್ನು ನಾನು ಕರೆದಿಲ್ಲ, ನಮ್ಮ ಸಿಬ್ಬಂದಿ ಯಾರೂ ಕರೆದಿಲ್ಲ ಅಂದರು. ಅಕ್ಷರಶಃ ಸತ್ಯ! ಟ್ರೈನರ್ ಆ ದಿನ ಫೋನ್ ಎತ್ತಲಿಲ್ಲ.

ಮೇಲಿನ ರಾಜ್ಯ ಕಮಿಟಿಗೆ ಮೇಲ್ಮನವಿ ಹಾಕಬಹುದು, ಹಾಕಿದೆವು, ಏನೂ ಬದಲಾಗಲಿಲ್ಲ.

ಹನ್ನೊಂದನೇ ಕ್ಲಾಸಿನ ವರ್ಷ ಪೂರ್ತಿ ಜೂನಿಯರ್ ವಾರ್ಸಿಟಿ, ಅಂದರೆ ಎರಡನೇ ತಂಡದಲ್ಲಿ ಆಡಿದ. ಶುಕ್ರವಾರ ರಾತ್ರಿ ಊರೆಲ್ಲ ಸ್ಟೇಡಿಯಮ್ಮಿನಲ್ಲಿ ಸೇರಿದ್ದಾಗ ಇವನು ಮನೆಯಲ್ಲಿ. ಕಾಲೇಜಿನವರು ಮುಖ್ಯವಾಗಿ ನೋಡುವುದು ಆ ವರ್ಷದ ವಾರ್ಸಿಟಿ ವಿಡಿಯೋವನ್ನೇ, ಅದೇ ಇವನ ಹತ್ತಿರ ಇಲ್ಲ. ಇವನನ್ನು "ಕರೆಯದ" ಆ ಕೋಚ್ ಸೀಸನ್ ಮುಗಿಯುತ್ತಿದ್ದಂತೆ ಜಾಸ್ತಿ ಸಂಬಳಕ್ಕೆ ಬೇರೆ ಊರಿಗೆ ಹೋದರು. ಅವರಿಗೆ ಒಂದು ವರ್ಷ ಕಾಯುವ ನಿಯಮ ಇಲ್ಲ ನೋಡಿ.

ನಮ್ಮಂಥ ಮನೆಗಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕ್ಲಾಸ್ ರ್ಯಾಂಕ್, ಅಂದರೆ ಅಂಕದ ಲೆಕ್ಕದಲ್ಲಿ ತನ್ನ ಕ್ಲಾಸಿನವರ ನಡುವೆ ಎಷ್ಟನೆಯವನು ಅಂತ. ಟೆಕ್ಸಾಸಿನಲ್ಲಿ 1997ರ ಕಾನೂನಿನಂತೆ ಶಾಲೆಯ ಮೊದಲ 10% ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸೀಟು ಖಾತ್ರಿ, ಆಸ್ಟಿನ್‌ನ ಯೂನಿವರ್ಸಿಟಿಗೆ ಮಾತ್ರ ಆ ಗೆರೆ ಇನ್ನೂ ಬಿಗಿ. ಹಳೆಯ ಶಾಲೆಯಲ್ಲಿ ಇವನು ಆ ಗೆರೆಯ ಒಳಗಿದ್ದ. ಹೊಸ ಶಾಲೆಯವರು ಹಳೆಯ ಕೆಲವು ಕ್ಲಾಸುಗಳಿಗೆ ಅದೇ ತೂಕ ಕೊಡಲಿಲ್ಲ, ಇವನು ಹೊರಗೆ ಬಿದ್ದ. ಟಚ್‌ಡೌನ್ ಬಗ್ಗೆ ಗಂಟೆಗಟ್ಟಲೆ ಮಾತಾಡಿದ ಟ್ರೈನರ್‌ಗೆ ರ್ಯಾಂಕ್ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ ಅನಿಸುತ್ತದೆ.

ಮಕ್ಕಳಿಗೆ ಇದೆಲ್ಲ ತಪ್ಪು ಅಂತ ಅನಿಸುವುದೇ ಇಲ್ಲ, ಯಾಕೆಂದರೆ ಟಿವಿಯಲ್ಲಿ ಕಾಲೇಜ್ ಆಟಗಾರರು ವರ್ಷಕ್ಕೊಂದು ಕಾಲೇಜು ಬದಲಿಸುವುದನ್ನು ನೋಡುತ್ತಾರೆ. ಕಾಲೇಜಿನಲ್ಲಿ 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಪಟ್ಟಿ) ಬಂತು, 2021ರಲ್ಲಿ ಹೆಸರು ಮತ್ತು ಮುಖ ಮಾರಿಕೊಂಡು ದುಡ್ಡು ಮಾಡುವ ಎನ್‌ಐಎಲ್ ಬಂತು, 2024ರಿಂದ ಓದು ಸರಿ ಇದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಪೋರ್ಟಲ್‌ಗೆ ಬರುವ ಮುಂಚೆ ಬೇರೆ ಕಾಲೇಜಿನ ಆಟಗಾರನನ್ನು ಮಾತಾಡಿಸಬಾರದು ಅಂತ ಅಲ್ಲೂ ನಿಯಮ ಇದೆ, ಅಲ್ಲೂ ನಡುವೆ ಯಾರೋ ಒಬ್ಬರು ಫೋನ್ ಮಾಡುತ್ತಾರೆ. ಆದರೆ ಆ ಸಡಿಲ ನಿಯಮ ನಮ್ಮ ಟೆಕ್ಸಾಸಿನ ಹೈಸ್ಕೂಲಿಗೆ ಇಲ್ಲ. ಮಗ "ಎಲ್ಲರೂ ಹೋಗುತ್ತಾರೆ ಅಮ್ಮಾ" ಅಂದಾಗ ನೆನಪಿಸಬೇಕಾದ್ದು ಇದು.

ದೊಡ್ಡ ಆಟಗಾರರಿಗೆ ಕೊಟ್ಟ ಮಾತೂ ನಿಲ್ಲುವುದಿಲ್ಲ. ಜೇಡನ್ ರಶಾಡಾ ಎಂಬ ಕ್ವಾರ್ಟರ್‌ಬ್ಯಾಕ್‌ಗೆ ಫ್ಲೋರಿಡಾ ಯೂನಿವರ್ಸಿಟಿಗೆ ಬರಲು 13.85 ಮಿಲಿಯನ್ ಡಾಲರಿನ ಒಪ್ಪಂದ ಆಗಿತ್ತು, ಅದು ಮುರಿದುಬಿತ್ತು, 2024ರಲ್ಲಿ ಆ ಹುಡುಗ ಅಲ್ಲಿನ ಕೋಚ್ ಮೇಲೆಯೇ ಕೇಸ್ ಹಾಕಿದ. ಇನ್ನೂ ಕೆಟ್ಟದ್ದು ಒಹಾಯೊದಲ್ಲಿ ಹೈಸ್ಕೂಲ್ ಅಂತ ಹೇಳಿಕೊಂಡ ಬಿಷಪ್ ಸೈಕಾಮೋರ್. 2021ರ ಆಗಸ್ಟ್ 29ರಂದು ಇಎಸ್‌ಪಿಎನ್‌ನಲ್ಲಿ ನೇರ ಪ್ರಸಾರ, ಐಎಂಜಿ ಅಕಾಡೆಮಿ ಎದುರು 58-0 ಸೋಲು. ಆಮೇಲೆ ನೋಡಿದರೆ ಅದು ಶಾಲೆಯೇ ಅಲ್ಲ, ಬರೀ ಮೋಸ ಅಂತ ರಾಜ್ಯದ ಶಿಕ್ಷಣ ಇಲಾಖೆಯ ತನಿಖೆ ಹೇಳಿತು. ಕಾಲೇಜ್ ಆಸೆ ಇಟ್ಟುಕೊಂಡೇ ಆ ಹುಡುಗರು ಅಲ್ಲಿಗೆ ಹೋಗಿದ್ದು. ಟಿವಿಯಲ್ಲಿ ಬರುತ್ತದೆ ಅಂದ ಮಾತ್ರಕ್ಕೆ ಯಾರೋ ಪರೀಕ್ಷಿಸಿದ್ದಾರೆ ಅಂತಲ್ಲ.

ಹಾಗಾಗಿ ನಿಮಗೆ ಇಂಥ ಫೋನ್ ಬಂದರೆ ಮೊದಲು ಹೇಳಿ, ಇದನ್ನೇ ಇಮೇಲಿನಲ್ಲಿ ಬರೆದು ಕಳಿಸಿ ಅಂತ. ಅರ್ಧ ಜನ ಅಲ್ಲೇ ಮಾಯ. ಮನೆ ಬದಲಿಸುವ ಮುಂಚೆ ಹಳೆಯ ಶಾಲೆಯ ಕೋಚ್ ಹತ್ತಿರ ಹೋಗಿ, ಕಷ್ಟವಾದರೂ ಸರಿ, ಆ ಫಾರ್ಮಿನಲ್ಲಿ ನೀವು ಏನು ಬರೆಯುತ್ತೀರಿ ಅಂತ ನೇರವಾಗಿ ಕೇಳಿ. ಹೊಸ ಶಾಲೆಯ ಕೌನ್ಸಿಲರ್ ಹತ್ತಿರ ರ್ಯಾಂಕ್ ಲೆಕ್ಕ ಹೇಗೆ ಅಂತ ಬರೆಸಿಕೊಳ್ಳಿ. ಟ್ರೈನರ್‌ಗೆ ಮಗನ ಫೋಟೋ ಹಾಕಬೇಡಿ ಅಂತ ಖಡಕ್ಕಾಗಿ ಹೇಳಿ. ಕಾಲೇಜ್ ಕೋಚ್ "ಆಫರ್" ಅಂದರೂ ಸಹಿ ಆಗುವ ತನಕ ಅದು ಮಾತು ಅಷ್ಟೇ. ಬಣ್ಣಬಣ್ಣದ ಕ್ಯಾಂಪ್ ಆಹ್ವಾನಗಳನ್ನೂ ಹಾಗೇ ನೋಡಿ, ದುಡ್ಡು ಕಟ್ಟುವವರಿಗೆಲ್ಲ ಬರುತ್ತವೆ.

ಮಗ ಈಗ ಹನ್ನೆರಡನೇ ಕ್ಲಾಸು, ವಾರ್ಸಿಟಿಗೆ ಮರಳಿದ್ದಾನೆ, ಡಿವಿಷನ್ 3 ಕಾಲೇಜುಗಳ ಜೊತೆ ಮಾತಾಡುತ್ತಿದ್ದಾನೆ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಅಂಕ ನೋಡಿ ಕೊಡುವ ಸಹಾಯ ಇದೆ. ಆ ಟ್ರೈನರ್ ಕೆಲಸ ಹಾಗೇ ನಡೆಯುತ್ತಿದೆ, ಮೊನ್ನೆ ಇನ್ನೊಬ್ಬ ಹುಡುಗನ ಫೋಟೋಕ್ಕೆ ಬೇರೊಂದು ಶಾಲೆಯ ಬಣ್ಣ ಬಳಿದಿದ್ದರು. ಅವರ ಹೆಸರಾಗಲಿ ಶಾಲೆಯ ಹೆಸರಾಗಲಿ ಇಲ್ಲಿ ಹಾಕುವುದಿಲ್ಲ, ಇವನ ಸೀಸನ್ ಇನ್ನೂ ಮುಗಿದಿಲ್ಲ. ಫಾರ್ಮ್ ತುಂಬುವ ಹಂತದಲ್ಲಿ ಯಾರಾದರೂ ಇದ್ದರೆ ಸಹಿ ಹಾಕುವ ಮೊದಲು ನನಗೊಂದು ಮೆಸೇಜ್ ಹಾಕಿ, ಕಮಿಟಿಯಲ್ಲಿ ನಮ್ಮನ್ನು ಏನೇನು ಕೇಳಿದರು ಅಂತ ಪೂರ್ತಿ ಹೇಳುತ್ತೇನೆ.