ಬೇರೆಯವರ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಡುವ ಮುನ್ನ

ಮೊದಲೇ ಹೇಳಿಬಿಡುತ್ತೇನೆ, ಇದು ಲಿನಕ್ಸ್ ವಿರುದ್ಧದ ಬರಹವಲ್ಲ. ವಿಂಡೋಸ್‌ನಂತೆ ಕಂಪ್ಯೂಟರ್ ನಡೆಸುವ ಉಚಿತ ಆಪರೇಟಿಂಗ್ ಸಿಸ್ಟಮ್ ಅದು. ಈ ಸಾಲುಗಳನ್ನು ಟೈಪು ಮಾಡುತ್ತಿರುವುದೂ ಲಿನಕ್ಸ್‌ನಲ್ಲೇ. ಹತ್ತು ವರ್ಷಕ್ಕೂ ಮೇಲಾಯಿತು, ನನ್ನ ಮೇಜಿನ ಮೇಲೆ ಬೇರೆ ಆಪರೇಟಿಂಗ್ ಸಿಸ್ಟಮ್ ಇಲ್ಲ. ಎಚ್ಚರಿಕೆ ನನ್ನಂಥವರಿಗೆ: ತಮಗೆ ಒಗ್ಗಿದ್ದನ್ನು ಕಂಡವರ ಕಂಪ್ಯೂಟರಿಗೆಲ್ಲ ಹಾಕಿಕೊಡಲು ಸದಾ ಕೈ ತುರಿಸುವವರಿಗೆ. ಅಂಥವರ ಕೈಗೆ ಲ್ಯಾಪ್‌ಟಾಪ್ ಒಪ್ಪಿಸಿ ನಿಶ್ಚಿಂತೆಯಿಂದ ಇರಬಹುದು ಎಂದುಕೊಂಡವರಿಗೂ ಸಹ.

ನನ್ನ ಅಕ್ಕ ಪುಸ್ತಕಗಳ ಕರಡು ತಿದ್ದುತ್ತಾಳೆ, ಪುಟ ಜೋಡಿಸುತ್ತಾಳೆ, ಕೊನೆಯಲ್ಲಿ ಪದಸೂಚಿ ಮಾಡಿಕೊಡುತ್ತಾಳೆ. ಯಾವ ಹೆಸರು, ಯಾವ ವಿಷಯ ಎಷ್ಟನೆಯ ಪುಟದಲ್ಲಿದೆ ಎಂದು ಪುಸ್ತಕದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದು. ಅವಳ ಈ ಕೆಲಸ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎನ್ನುವುದೇ ಈ ಬರಹಕ್ಕೆ ಕಾರಣ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಅಕ್ಕನ ಲ್ಯಾಪ್‌ಟಾಪ್ ಗಟ್ಟಿಮುಟ್ಟಾಗಿಯೇ ಇದೆ. ಆದರೆ ಅದರ ಪ್ರೊಸೆಸರ್ ಇಂಟೆಲ್‌ನ ಏಳನೆಯ ತಲೆಮಾರಿನದು. ವಿಂಡೋಸ್ 11ಕ್ಕೆ ಗುಟ್ಟಿನ ಕೀಲಿಗಳನ್ನು ಕಾಯುವ ಟಿಪಿಎಂ 2.0 ಚಿಪ್ ಇದ್ದರಷ್ಟೇ ಸಾಲದು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರಬೇಕು. ಇಂಟೆಲ್ ಪಾಲಿಗೆ ಆ ಪಟ್ಟಿ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಶುರುವಾಗುತ್ತದೆ. ಒಂದು ತಲೆಮಾರಿನ ಅಂತರದಲ್ಲಿ ಒಳ್ಳೆಯ ಯಂತ್ರ ಮೂಲೆಗೆ ಬೀಳುವುದು ಅನ್ಯಾಯ ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. "ಎರಡು ಗಂಟೆ ಕೊಡು, ವಿಂಡೋಸ್ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಡುತ್ತೇನೆ. ಬೇಕಾದಾಗ ಅದು, ಬೇಡವಾದಾಗ ಇದು" ಎಂದೆ. ಅವಳು, "ವಾರದೊಳಗೆ ಒಂದು ಪುಸ್ತಕ ಕಳಿಸಬೇಕು ಕಣೋ" ಎಂದಳು. ನನಗೆ ಕೇಳಿಸಿದ್ದು "ಹೂಂ" ಎಂದು.

ಇನ್‌ಸ್ಟಾಲ್ ಆಗಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಆದರೆ ವೈ-ಫೈ ಇಲ್ಲ. ಅದರ ಚಿಪ್ಪಿಗೆ ತಯಾರಕರದೇ ಮುಚ್ಚಿದ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಬೇಕು, ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಆ ಡ್ರೈವರ್ ಬೇಕು. ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಅದರ ಇಂಟರ್ನೆಟ್ ಹಂಚಿಕೊಂಡರೆ ಈ ಗಂಟು ಬಿಚ್ಚುತ್ತದೆ, ಅದು ಗೊತ್ತಿತ್ತು, ಮಾಡಿದೆ. ಡ್ರೈವರ್ ಬಂತು. ಯಂತ್ರ ಶುರುವಾಗುವಾಗ ನಂಬಿಕೆಯ ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿರುವಾಗ ಇಂಥ ಹೊರಗಿನ ಡ್ರೈವರ್ ಓಡಬೇಕಾದರೆ ಅದರ ಸಹಿಯ ಕೀಲಿಯನ್ನು ಯಂತ್ರಕ್ಕೆ ಪರಿಚಯಿಸಬೇಕು. ರೀಸ್ಟಾರ್ಟ್ ಆಗುವಾಗ ಅದಕ್ಕಾಗಿ ಒಂದು ನೀಲಿ ಪರದೆ ಬರುತ್ತದೆ, ಹತ್ತು ಸೆಕೆಂಡು ಎಣಿಸುತ್ತದೆ, ಯಾರೂ ಏನೂ ಒತ್ತದಿದ್ದರೆ ಹೊರಟುಹೋಗುತ್ತದೆ. ಆ ಹತ್ತು ಸೆಕೆಂಡು ನಾನು ಮೊಬೈಲ್ ನೋಡುತ್ತಿದ್ದೆ.

ಮತ್ತೆ ಮೊದಲಿನಿಂದ ಮಾಡುವ ತಾಳ್ಮೆ ಇರಲಿಲ್ಲ. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಟ್ಟೆ. ವೈ-ಫೈ ಬಂತು. ಅಕ್ಕನನ್ನು ಕರೆದು, ಹೊಸ ಪರದೆ ತೋರಿಸಿ, ಬೆನ್ನು ತಟ್ಟಿಸಿಕೊಂಡೆ.

ಸಂಜೆ ಅವಳು ವಿಂಡೋಸ್ ತೆರೆಯಲು ಹೋದಳು. ತೆರೆಯಲಿಲ್ಲ. 48 ಅಂಕಿಗಳ ರಿಕವರಿ ಕೀ ಕೊಡಿ ಎಂದು ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಕೇಳುತ್ತಿತ್ತು. ಆರಾರು ಅಂಕಿಯ ಎಂಟು ಗುಂಪು. ಅಕ್ಕ ಎಂದೂ ಬಿಟ್‌ಲಾಕರ್ ಹಾಕಿಕೊಂಡವಳಲ್ಲ, ಆ ಹೆಸರನ್ನೇ ಕೇಳಿದವಳಲ್ಲ. ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೊದಲ ಸಲ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದೊಡನೆ ಡಿಸ್ಕ್ ಗೂಢಲಿಪೀಕರಣ ತಾನಾಗಿ ಶುರುವಾಗಿರುತ್ತದೆ. ಬೀಗದ ಕೀಲಿಯನ್ನು ಟಿಪಿಎಂ ಚಿಪ್ ಕಾಯುತ್ತಿರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಯಂತ್ರವನ್ನು ಯಾರೋ ಕೆದಕಿದ್ದಾರೆ ಎಂದು ತಿಳಿದು ಅದು ಕೀಲಿ ಕೊಡುವುದಿಲ್ಲ. ನ್ಯಾಯವಾದ ಅನುಮಾನವೇ, ಕೆದಕಿದ್ದೆನಲ್ಲ. ರಿಕವರಿ ಕೀ ಇದ್ದದ್ದು ಎಂಟು ವರ್ಷದ ಹಿಂದೆ ತೆರೆದ ಒಂದು ಖಾತೆಯಲ್ಲಿ. ಅದರ ಪಾಸ್‌ವರ್ಡ್ ಮರೆತಿತ್ತು, ಅದಕ್ಕೆ ಕೊಟ್ಟ ಮೊಬೈಲ್ ಸಂಖ್ಯೆ ಈಗ ಅವಳದಲ್ಲ.

ಇಲ್ಲಿಗೆ ನಿಂತಿದ್ದರೂ ಬಚಾವಾಗುತ್ತಿದ್ದೆ. ಪುಸ್ತಕದ ಕಡತದ ಪ್ರತಿ ಅವಳ ಇಮೇಲ್‌ನಲ್ಲಿತ್ತು. "ಲಿಬ್ರೆಆಫೀಸ್ ಅಂತ ಉಚಿತ ಆಫೀಸ್ ತಂತ್ರಾಂಶ ಇದೆ, ಅದರಲ್ಲಿ ತೆರೆ, ಎಲ್ಲ ಅದರಲ್ಲೂ ಆಗುತ್ತದೆ" ಎಂದು ಧೈರ್ಯ ಹೇಳಿ ಮಲಗಲು ಹೋದೆ.

ಕಡತ ತೆರೆಯಿತು, ನೋಡಲು ಚೆನ್ನಾಗಿಯೇ ಇತ್ತು. ಆದರೆ 212 ಪುಟದ ಪುಸ್ತಕ 219 ಪುಟವಾಗಿತ್ತು. ಪ್ರಕಾಶಕರು ಬಳಸಿದ ಫಾಂಟ್ ಲಿನಕ್ಸ್ ಕಡೆ ಇರಲಿಲ್ಲ. ಕ್ಯಾಲಿಬ್ರಿಗೆ ಕಾರ್ಲಿಟೊ, ಕ್ಯಾಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್‌ಗೆ ಲಿಬರೇಶನ್ ಎಂದು ಅಕ್ಷರದ ಅಗಲ ಹೊಂದುವ ಮುಕ್ತ ಫಾಂಟ್‌ಗಳಿವೆ, ಅವು ಇದ್ದರೆ ಸಾಲು ಅಷ್ಟಾಗಿ ಕದಲುವುದಿಲ್ಲ. ಈ ಕಡತದ ಫಾಂಟಿಗೆ ಅಂಥ ಜೋಡಿ ಇರಲಿಲ್ಲ. ಕೈಗೆ ಸಿಕ್ಕ ಇನ್ನೊಂದು ಫಾಂಟ್ ಆ ಜಾಗದಲ್ಲಿ ಕುಳಿತಿತ್ತು. ಸಾಲಿಗೆ ಒಂದು ಪದ ಮುಂದಕ್ಕೆ ಹೋದರೆ ಇಡೀ ಪುಸ್ತಕ ಜಾರುತ್ತದೆ. 40ನೆಯ ಪುಟದಲ್ಲಿದ್ದದ್ದು 41ಕ್ಕೆ, 180ರಲ್ಲಿದ್ದದ್ದು 186ಕ್ಕೆ.

ಅಕ್ಕ ಏನು ತಿಳಿದುಕೊಂಡಳು ಎಂದರೆ, ತನ್ನ ಪದಸೂಚಿಯೇ ತಪ್ಪಾಗಿದೆ ಎಂದು. ರಾತ್ರಿಯೆಲ್ಲ ಕುಳಿತು ಒಂದೊಂದೇ ಪುಟಸಂಖ್ಯೆಯನ್ನು ಪರದೆಯ ಮೇಲೆ ಕಂಡದ್ದಕ್ಕೆ ಸರಿಯಾಗಿ ತಿದ್ದಿದಳು. ಬೆಳಗ್ಗೆ ಕಳಿಸಿದಳು. ಅಲ್ಲಿ ಪ್ರಕಾಶಕರು ತಮ್ಮ ಫಾಂಟ್ ಇರುವ ಕಂಪ್ಯೂಟರಿನಲ್ಲಿ ತೆರೆದಾಗ ಪುಸ್ತಕ ಮತ್ತೆ 212 ಪುಟವಾಯಿತು, ಪದಸೂಚಿಯ ಬಹುಪಾಲು ಸಂಖ್ಯೆ ತಪ್ಪಾಯಿತು. ಸರಿಯಿದ್ದದ್ದನ್ನು ರಾತ್ರಿಯೆಲ್ಲ ಎದ್ದು ಕೂತು ಕೆಡಿಸಿದಂತೆ ಆಯಿತು ಅವಳ ಪಾಡು. "ನಿನಗೆ ನನ್ನ ಕಂಪ್ಯೂಟರ್ ಸರಿಮಾಡಬೇಕಿತ್ತೋ, ನನ್ನನ್ನು ನಿಮ್ಮವರ ಪೈಕಿ ಸೇರಿಸಿಕೊಳ್ಳಬೇಕಿತ್ತೋ?" ಎಂದು ಕೇಳಿದಳು. ಉತ್ತರ ಇಬ್ಬರಿಗೂ ಗೊತ್ತಿತ್ತು.

ಬಿಟ್‌ಲಾಕರ್ ಬಿಚ್ಚಿದ್ದು ಮೂರನೆಯ ದಿನ. ಉಪಾಯ ಸರಳ, ನನಗೆ ಹೊಳೆಯಲು ತಡವಾಯಿತು: ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಮತ್ತೆ ಹಾಕಿ, ಯಾವ ಸಿಸ್ಟಮ್ ಬೇಕೆಂದು ಶುರುವಿನಲ್ಲಿ ಕೇಳುವ ಲಿನಕ್ಸ್‌ನ ಗ್ರಬ್ ಮೆನುವಿನ ಮೂಲಕ ಹೋಗದೆ, ಬಯೋಸ್‌ನ ಬೂಟ್ ಪಟ್ಟಿಯಿಂದಲೇ ನೇರವಾಗಿ ವಿಂಡೋಸ್ ಆರಿಸಿದೆ. ಟಿಪಿಎಂಗೆ ಎಲ್ಲ ಹಳೆಯಂತೆಯೇ ಕಂಡಿತು, ಕೀಲಿ ಕೊಟ್ಟಿತು. ನಮ್ಮ ಪುಣ್ಯ. ಎಲ್ಲ ಯಂತ್ರಗಳಲ್ಲೂ ಹೀಗೆಯೇ ಆಗುತ್ತದೆ ಎಂದು ನಂಬಿ ಕೂರಬೇಡಿ. ಮುಟ್ಟುವ ಮುಂಚೆ ವಿಂಡೋಸ್ ಒಳಗೆ ಹೋಗಿ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಇಲ್ಲವೇ ಗೂಢಲಿಪೀಕರಣವನ್ನೇ ತೆಗೆದು ಮುಂದುವರಿಯಿರಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಅದು ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಆ ಡಿಸ್ಕಿನ ಮೇಲೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ. ಎರಡರ ನಡುವೆ ಗಡಿಯಾರ ಹಿಂದೆಮುಂದೆ ಆಗುವುದಂತೂ ಇದ್ದೇ ಇದೆ: ಯಂತ್ರದ ಒಳಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯವೆಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯವೆಂದು.

ಲಿನಕ್ಸ್‌ನಂಥ ಮುಕ್ತ ತಂತ್ರಾಂಶ ಮನೆಮನೆಯ ಡೆಸ್ಕ್‌ಟಾಪ್‌ಗೆ ಯಾಕೆ ಬರಲಿಲ್ಲ ಎಂದು ನಾವು ಗೆಳೆಯರು ಎಷ್ಟೋ ಸಲ ಮಾತಾಡಿದ್ದೇವೆ. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅದರ ತಿರುಳಾದ ಕರ್ನೆಲ್ ಬಗ್ಗೆ ಮೊದಲು ಹೇಳಿಕೊಂಡದ್ದು 1991ರಲ್ಲಿ. 2017ರಿಂದ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳೂ ಲಿನಕ್ಸ್‌ನವೇ, ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರುವುದೂ ಅದೇ ಕರ್ನೆಲ್. ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಇಂಟರ್ನೆಟ್ ಬಳಕೆ ಅಳೆಯುವ ಸ್ಟ್ಯಾಟ್‌ಕೌಂಟರ್ ಲೆಕ್ಕದ ಪ್ರಕಾರ 4 ಪ್ರತಿಶತ ದಾಟಲು 2024 ಬರಬೇಕಾಯಿತು. ಕಾರಣ ಕೇಳಿದರೆ ನಾವು ದೊಡ್ಡ ಕಂಪನಿಗಳ ಕಡೆ ಕೈ ತೋರಿಸುತ್ತೇವೆ. ಅದು ಸುಳ್ಳಲ್ಲ. ಜನ ಯಂತ್ರ ಕೊಳ್ಳುತ್ತಾರೆಯೇ ಹೊರತು ಆಪರೇಟಿಂಗ್ ಸಿಸ್ಟಮ್ ಕೊಳ್ಳುವುದಿಲ್ಲ, ಒಳಗೆ ಏನಿರುತ್ತದೋ ಅದನ್ನೇ ಬಳಸುತ್ತಾರೆ. 2007ರಲ್ಲಿ ಏಸಸ್‌ನ ಪುಟ್ಟ ಇಇಇ ಪಿಸಿ ಲಿನಕ್ಸ್ ಹಾಕಿಕೊಂಡೇ ಬಂದು ಚೆನ್ನಾಗಿ ಮಾರಾಟವಾಯಿತು. ಮರುವರ್ಷ ಅದರಲ್ಲೂ ವಿಂಡೋಸ್ ಎಕ್ಸ್‌ಪಿ ಬಂದು ಕೂತಿತು.

ಆದರೆ ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ನನಗೆ ಹೆಚ್ಚು ಯೋಚನೆ ಹಚ್ಚಿದ್ದು ಬೇರೆ ಎರಡು ಕತೆಗಳು. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿ, ಸುಮಾರು 15,000 ಕಂಪ್ಯೂಟರ್‌ಗಳಿಗೆ ಹಾಕಿ, 2013ರಲ್ಲಿ ಕೆಲಸ ಮುಗಿಯಿತೆಂದು ಹೇಳಿ, 2017ರಲ್ಲಿ ವಿಂಡೋಸ್‌ಗೇ ಮರಳಲು ನಿರ್ಧರಿಸಿತು. ರಾಜಕೀಯ ಇತ್ತು, ನಿಜ. ಹೊರಗಿನವರೊಡನೆ ಕಡತ ಹಂಚಿಕೊಳ್ಳುವಾಗಿನ ಗೊಣಗಾಟವೂ ಅಷ್ಟೇ ನಿಜ, ಅಕ್ಕನ ಏಳು ಪುಟದಂತೆ. ಫ್ರಾನ್ಸಿನ ಜಾಂಡಾರ್ಮರಿ ಪೊಲೀಸ್ ಪಡೆ ದಾರಿಯನ್ನೇ ತಿರುವುಮುರುವು ಹಿಡಿಯಿತು. ಮೊದಲು ವಿಂಡೋಸ್ ಮೇಲೆಯೇ ಓಪನ್‌ಆಫೀಸ್ ಎಂಬ ಮುಕ್ತ ಆಫೀಸ್ ತಂತ್ರಾಂಶ, ಆಮೇಲೆ ಫೈರ್‌ಫಾಕ್ಸ್ ಬ್ರೌಸರ್ ಮತ್ತು ಇಮೇಲ್‌ಗೆ ಥಂಡರ್‌ಬರ್ಡ್. ಸಿಬ್ಬಂದಿಯ ಕೈ ಅವಕ್ಕೆ ಪಳಗಿದ ಮೇಲೆ, 2008ರಿಂದ ಉಬುಂಟು ಎಂಬ ಲಿನಕ್ಸ್. ಕೆಳಗಿನ ನೆಲ ಬದಲಾಗುವ ಹೊತ್ತಿಗೆ ಮೇಲಿನ ಸಾಮಾನುಗಳೆಲ್ಲ ಪರಿಚಿತವಾಗಿದ್ದವು. ಅವರು ಅಲ್ಲೇ ಉಳಿದರು.

ನಾನೂ ಹಾಗೆ ಮಾಡಬಹುದಿತ್ತು. ಲಿಬ್ರೆಆಫೀಸನ್ನು ಅವಳ ವಿಂಡೋಸ್‌ಗೇ ಹಾಕಿ, ಹಳೆಯ ಪುಸ್ತಕವೊಂದನ್ನು ತೆರೆದು ನೋಡಿದ್ದರೆ, ಯಾವುದು ಕೂಡಿಬರುತ್ತದೆ, ಯಾವುದು ಇಲ್ಲ ಎಂಬುದು ಯಾರ ರಾತ್ರಿಯೂ ಕೆಡದೆ ತಿಳಿಯುತ್ತಿತ್ತು. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡುವ ದಾರಿಯಂತೂ ಇದ್ದೇ ಇತ್ತು: ವೈ-ಫೈ ಬರುತ್ತದೆಯೇ, ಪ್ರಿಂಟರ್ ಸಿಗುತ್ತದೆಯೇ, ಮುಚ್ಚಳ ಮುಚ್ಚಿದರೆ ನಿದ್ದೆ ಹೋಗಿ ತೆರೆದಾಗ ಏಳುತ್ತದೆಯೇ. ನಿದ್ದೆಯ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ, ಆಮೇಲೆ ಚೀಲದೊಳಗೆ ಬಿಸಿಯಾಗಿ ಬ್ಯಾಟರಿ ಬರಿದಾದ ಲ್ಯಾಪ್‌ಟಾಪ್ ಹೊರತೆಗೆದು ಲಿನಕ್ಸ್ ಅನ್ನು ಬಯ್ಯುತ್ತಾರೆ. ಬೆರಳಚ್ಚಿನಿಂದ ತೆರೆಯುವ ಅಭ್ಯಾಸವಿರುವವರಿಗೆ ಅದು ಕೆಲಸ ಮಾಡದೆಯೂ ಇರಬಹುದು ಎಂದು ಮುಂಚೆಯೇ ಹೇಳಿಬಿಡಿ.

ಇನ್ನೊಂದು ದಡ್ಡತನ, ಚಿಕ್ಕದು. ಹೊಸದೆಂಬ ಆಸೆಗೆ ನಾನು ಹಾಕಿದ್ದು ಒಂಬತ್ತು ತಿಂಗಳು ಮಾತ್ರ ಅಪ್‌ಡೇಟ್ ಸಿಗುವ ಆವೃತ್ತಿ. ಅದೇ ಡಿಸ್ಟ್ರೋದಲ್ಲಿ (ಲಿನಕ್ಸ್‌ನ ಒಂದೊಂದು ತಳಿಗೆ ಹೀಗೆನ್ನುತ್ತಾರೆ) ಐದು ವರ್ಷ ಬೆಂಬಲವಿರುವ ಎಲ್‌ಟಿಎಸ್ ಆವೃತ್ತಿ ಇತ್ತು. ಅಪ್‌ಡೇಟ್ ನಿಂತಿತೆಂದು ವಿಂಡೋಸ್ ಬಿಡಿಸಲು ಹೊರಟವನು ಒಂಬತ್ತೇ ತಿಂಗಳ ಆಯುಷ್ಯದ್ದನ್ನು ಹಾಕಿದೆ!

ಮತ್ತು ದಯವಿಟ್ಟು, ನಿಮ್ಮ ಭಾಷೆಯಲ್ಲಿ ಅವರಿಗೆ ಬುದ್ಧಿ ಹೇಳಬೇಡಿ. 2021ರಲ್ಲಿ ಒಬ್ಬ ಪ್ರಸಿದ್ಧ ಯೂಟ್ಯೂಬ್ ನಿರೂಪಕರು ಒಂದು ಡಿಸ್ಟ್ರೋದಲ್ಲಿ ಸ್ಟೀಮ್ ಎಂಬ ಆಟಗಳ ಅಂಗಡಿ ಹಾಕಲು ಹೋದರು. ಪ್ಯಾಕೇಜಿನ ದೋಷದಿಂದ ಇಡೀ ಡೆಸ್ಕ್‌ಟಾಪನ್ನೇ ಕಿತ್ತುಹಾಕುವೆನೆಂದು ಆಜ್ಞೆ ಟೈಪು ಮಾಡುವ ಕಿಟಕಿಯಾದ ಟರ್ಮಿನಲ್ ಎಚ್ಚರಿಸಿತು, ಒಪ್ಪಿಗೆಯಾದರೆ ‘ಹೌದು, ಹೇಳಿದಂತೆ ಮಾಡು’ ಎಂಬರ್ಥದ ವಾಕ್ಯವನ್ನು ಪೂರ್ತಿ ಟೈಪು ಮಾಡಿ ಎಂದಿತು. ಅವರು ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ನಮ್ಮವರಲ್ಲಿ ಅನೇಕರು ‘ಓದದೆ ಒತ್ತಿದ್ದು ಯಾರು’ ಎಂದು ನಕ್ಕರು. ನಾನೂ ನಕ್ಕಿದ್ದೆ. ಹತ್ತು ಸೆಕೆಂಡಿನ ನೀಲಿ ಪರದೆಯ ಮುಂದೆ ಮೊಬೈಲ್ ನೋಡುತ್ತಾ ಕುಳಿತಿದ್ದವನಿಗೆ ಈಗ ಆ ನಗು ನೆನಪಾಗುತ್ತದೆ.

ತೆಗೆಯುವಾಗಿನ ಎಚ್ಚರವೊಂದು ಉಳಿಯಿತು. ಅಕ್ಕ, "ಅದನ್ನು ತೆಗೆದುಬಿಡು" ಎಂದಳು. ವಿಂಡೋಸ್ 10ಕ್ಕೆ ಮನೆಬಳಕೆದಾರರಿಗೂ ಇದ್ದ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಹಚ್ಚಿಸಿ, ಲಿನಕ್ಸ್ ಇದ್ದ ಡಿಸ್ಕ್ ಭಾಗವನ್ನು ಅಳಿಸಿದೆ. ಬಯೋಸ್‌ನ ಬೂಟ್ ಪಟ್ಟಿಯಲ್ಲಿ ವಿಂಡೋಸನ್ನು ಮೇಲಕ್ಕೆ ತಂದು ಆಮೇಲೆ ಅಳಿಸಬೇಕಿತ್ತು, ಇಲ್ಲದಿದ್ದರೆ ಗ್ರಬ್ ತನ್ನ ಕಡತಗಳನ್ನು ಹುಡುಕಿಕೊಂಡು ಬರಿಗೈಲಿ ನಿಲ್ಲುತ್ತದೆ. ಮರೆತೆ. ಮರುದಿನ ಬೆಳಗ್ಗೆ ಅವಳು ಬಟನ್ ಒತ್ತಿದಾಗ ಕಪ್ಪು ಪರದೆ, ಮೂಲೆಯಲ್ಲಿ ‘ಗ್ರಬ್’ ಎಂಬ ಒಂದೇ ಪದ, ಪಕ್ಕದಲ್ಲಿ ಮಿನುಗುವ ಗೆರೆ. ಅಕ್ಕ ಏನೂ ಮಾತಾಡಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಟ್ಟು, ಮುದ್ರಿಸಿ ತಂದಿದ್ದ ಪದಸೂಚಿಯ ಹಾಳೆಗಳನ್ನು ಎಳೆದುಕೊಂಡು, ಕೆಂಪು ಪೆನ್ನಿನಿಂದ ಪುಟಸಂಖ್ಯೆಗಳನ್ನು ಮತ್ತೆ ಹಿಂದಕ್ಕೆ ತಿದ್ದತೊಡಗಿದಳು.