ಕೂಲೆಂಟ್ ಸೋರಿಕೆಗೆ ಪುಡಿ ಸುರಿಯುವ ಗ್ಯಾರೇಜುಗಳು: ಹಳೆಯ ಟರ್ಬೊ ಕಾರಿನವರಿಗೆ ಒಂದು ಎಚ್ಚರಿಕೆ

ಹಳೆಯ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಾಧನ) ಪೆಟ್ರೋಲ್ ಕಾರನ್ನು ಇಟ್ಟುಕೊಂಡವರು ಕೂಲೆಂಟ್ (ಎಂಜಿನ್ನನ್ನು ತಣಿಸುವ ದ್ರವ) ಕಡಿಮೆಯಾಗುತ್ತಿದೆ ಎಂಬ ದೂರಿನೊಂದಿಗೆ ಹೊಸ ಗ್ಯಾರೇಜಿಗೆ ಹೋಗುವುದಾದರೆ, ಕಾರಿನ ಕೀಲಿ ಕೊಡುವ ಮೊದಲು ಜಾಬ್ ಕಾರ್ಡಿನಲ್ಲಿ ಒಂದು ಸಾಲನ್ನು ಬರೆಸಿಕೊಳ್ಳಬೇಕು. ಸೋರಿಕೆಯ ಜಾಗವನ್ನು ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಮಾಡಿ ಕಣ್ಣಿಗೆ ತೋರಿಸುವವರೆಗೆ ಕೂಲಿಂಗ್ ವ್ಯವಸ್ಥೆಯೊಳಗೆ ಯಾವ ಪುಡಿಯನ್ನಾಗಲಿ ದ್ರವವನ್ನಾಗಲಿ ಹಾಕಕೂಡದು, ಯಾವ ಭಾಗವನ್ನೂ ತೆಗೆಯಕೂಡದು ಎಂಬುದೇ ಆ ಸಾಲು. ಇದು ಅತಿಯಾದ ಅನುಮಾನದಂತೆ ಕಾಣಬಹುದು, ಆದರೆ ನನ್ನ ಕಾರಿಗೆ ಆದದ್ದನ್ನು ಓದಿದ ಮೇಲೆ ಹಾಗೆ ಅನ್ನಿಸಲಾರದು.

ಕಾರು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರಿನ ನಾಲ್ಕು ಸಿಲಿಂಡರ್, ಸಿಲಿಂಡರಿಗೆ 5ರಂತೆ 20 ವಾಲ್ವ್, ಟರ್ಬೊ, ಭಾರತದಲ್ಲಿ ಮಾರಿದ ಆವೃತ್ತಿಗೆ 150 ಹಾರ್ಸ್‌ಪವರ್. ಶಿರಾಡಿ ಘಾಟಿ ಹತ್ತುವಾಗ ಡ್ಯಾಶ್‌ಬೋರ್ಡಿನಲ್ಲಿ ಕೂಲೆಂಟ್ ದೀಪ ಹೊತ್ತಿಕೊಂಡಿತು. ಎಂಜಿನ್ ಆರುವವರೆಗೆ ಕಾದು ನೋಡಿದರೆ ಕೂಲೆಂಟ್ ಟ್ಯಾಂಕಿನ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿತ್ತು. ಕಾರಿನಡಿ ಒಂದು ಹನಿಯೂ ಇರಲಿಲ್ಲ. ಬಾನೆಟ್ ಎತ್ತಿದಾಗ ಮಾತ್ರ ಸಿಹಿಯಾದ ವಾಸನೆ ಬರುತ್ತಿತ್ತು. ಎಂಜಿನ್ನಿನ ಉಷ್ಣತೆ ತೋರಿಸುವ ಮುಳ್ಳು ಉದ್ದಕ್ಕೂ 90ರಲ್ಲೇ ನಿಂತಿತ್ತು. ಈ ಕಾರುಗಳ ಮುಳ್ಳನ್ನು ಹೆಚ್ಚು ನಂಬುವಂತಿಲ್ಲ: ನಿಜವಾದ ಉಷ್ಣತೆ ಎಪ್ಪತ್ತರ ಕೊನೆಯಿಂದ ನೂರರ ಆಚೆಗೆ ಏರಿಳಿದರೂ ಚಾಲಕ ಗಾಬರಿಯಾಗದಿರಲೆಂದು ಅದು 90ರಲ್ಲೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿದರೆ ಮಾತ್ರ ಸರಿಯಾದ ಅಂಕಿ ಸಿಗುತ್ತದೆ.

ಊರಿಗೆ ಮರಳಿದ ಮೇಲೆ, ಯುರೋಪಿಯನ್ ಕಾರುಗಳಲ್ಲಿ ಪಳಗಿದವರೆಂದು ಹೇಳಿಕೊಳ್ಳುವ ಗ್ಯಾರೇಜೊಂದಕ್ಕೆ ತಪಾಸಣೆಗೆಂದು ಕಾರನ್ನು ಕೊಟ್ಟೆ. ಹೆಸರು ಇಲ್ಲಿ ಬೇಡ. ಇಂಥವು ಎಲ್ಲ ಊರಿನಲ್ಲೂ ಇವೆ. ಎಂಜಿನ್ ಚಾಲೂ ಮಾಡಿ, ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ಏಳುತ್ತಿದ್ದ ಗುಳ್ಳೆಗಳನ್ನು ತೋರಿಸಿ, ಆಯಿಲ್ ಕ್ಯಾಪಿನ ಕೆಳಗಿದ್ದ ಕೆನೆಯಂಥ ಲೇಪವನ್ನು ಬೆರಳಿನಲ್ಲಿ ಒರೆಸಿ, ‘ಸಾರ್, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು’ ಎಂದು ಅಲ್ಲಿಯ ಮೇಸ್ತ್ರಿ ತೀರ್ಪು ಕೊಟ್ಟರು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವೆ ಕೂರುವ ಸೀಲೇ ಈ ಗ್ಯಾಸ್ಕೆಟ್. ಅಂದಾಜು ಲಕ್ಷದ ಹತ್ತಿರ ಇತ್ತು. ಬೇರೆಯವರಿಗೂ ತೋರಿಸಿ ನಿರ್ಧರಿಸುತ್ತೇನೆ, ಸದ್ಯಕ್ಕೆ ಏನನ್ನೂ ಮಾಡಬೇಡಿ ಎಂದು ಹೇಳಿ, ಮರುದಿನ ಕಾರು ತರಲು ಹೋದಾಗ ಬಿಲ್ಲಿನಲ್ಲಿ ‘ಕೂಲಿಂಗ್ ಸಿಸ್ಟಮ್ ಸರ್ವಿಸ್’ ಎಂಬ ಸಾಲು ಸೇರಿತ್ತು. ಏನು ಸರ್ವಿಸ್ ಎಂದು ಕೇಳಿದರೆ ಟಾಪ್-ಅಪ್ ಅಷ್ಟೇ ಎಂಬ ಉತ್ತರ ಬಂತು.

ಕೆಲವು ವಾರ ಮಟ್ಟ ಇಳಿಯಲಿಲ್ಲ. ಮಳೆಗಾಲದಲ್ಲಿ ಚಿಕ್ಕಮಗಳೂರಿನ ಕಡೆ ಹೋದಾಗ ಹೀಟರ್ ಹಾಕಿದರೆ ಬಂದದ್ದು ತಣ್ಣನೆಯ ಗಾಳಿ. ಮುಂದಿನ ಗಾಜಿನ ಮಂಜು ಆರಲೇ ಇಲ್ಲ. ಟ್ಯಾಂಕಿನಲ್ಲಿ ನೋಡಿದರೆ ನಸುಗೆಂಪು ಬಣ್ಣ ಹೋಗಿ ಕಂದು ಕೆಸರು ಕೂತಿತ್ತು, ಮಟ್ಟವೂ ಮತ್ತೆ ಇಳಿದಿತ್ತು. ಆಮೇಲೆ ಗೊತ್ತಾದದ್ದು ಇಷ್ಟು: ನನ್ನನ್ನು ಕೇಳದೆ ಸೋರಿಕೆ ಮುಚ್ಚುವ ಸ್ಟಾಪ್-ಲೀಕ್ ಪುಡಿ ಹಾಕಿದ್ದರು, ಟಾಪ್-ಅಪ್‌ಗೆ ಕೈಗೆ ಸಿಕ್ಕ ಹಸಿರು ಕೂಲೆಂಟನ್ನು ಬೋರ್‌ವೆಲ್ ನೀರಿನಲ್ಲಿ ಬೆರೆಸಿ ಸುರಿದಿದ್ದರು, ಮತ್ತು ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನು ಕಿತ್ತು ಬಿಸಾಡಿದ್ದರು.

ಈ ಮೂರರಲ್ಲಿ ಹೆಚ್ಚು ಹಾನಿ ಮಾಡುವುದು ಪುಡಿ. ಅದಕ್ಕೆ ಬಿರುಕು ಯಾವುದು, ಸಣ್ಣ ದಾರಿ ಯಾವುದು ಎಂಬ ವ್ಯತ್ಯಾಸ ತಿಳಿಯದು. ಕಾರಿನೊಳಗಿನ ಗಾಳಿಯನ್ನು ಬಿಸಿ ಮಾಡುವ ಹೀಟರ್ ಕೋರಿನ ಕೊಳವೆಗಳು ಕಿರಿದಾದ್ದರಿಂದ ಮೊದಲು ಕಟ್ಟಿಕೊಳ್ಳುವುದು ಅವೇ. ಸಾಧಾರಣ ಕಾರಿನಲ್ಲಾದರೆ ನಷ್ಟ ಅಲ್ಲಿಗೆ ನಿಂತೀತು, ಆದರೆ ಈ ಎಂಜಿನ್ನಿನಲ್ಲಿ ಟರ್ಬೊದ ಬೇರಿಂಗ್ ಮನೆಯನ್ನೂ ತಣಿಸುವುದು ಇದೇ ಕೂಲೆಂಟ್. ಅಲ್ಲಿಗೆ ಹೋಗುವ ಸಣ್ಣ ಪೈಪಿನಲ್ಲಿ ಹರಿವು ತಗ್ಗಿದರೆ ಒಳಗಿನ ಆಯಿಲ್ ಸುಟ್ಟು ಕರಿಯಾಗಿ ಬೇರಿಂಗ್ ಹಾಳಾಗುತ್ತದೆ. ಕೆಲವು ನೂರು ರೂಪಾಯಿಯ ಪುಡಿ ಟರ್ಬೊವನ್ನೇ ನುಂಗುವ ಸಾಧ್ಯತೆ ಇರುವುದು ಹೀಗೆ.

ಬಣ್ಣದ ವಿಷಯಕ್ಕೂ ಎಚ್ಚರ ಬೇಕು. ಈ ಕಾರುಗಳಲ್ಲಿ ಬರುತ್ತಿದ್ದ ನಸುಗೆಂಪು ಜಿ12 ಸಾವಯವ ಆಮ್ಲ ಆಧಾರಿತ ಕೂಲೆಂಟ್. ಅದಕ್ಕೆ ಸಿಲಿಕೇಟ್ ಇರುವ ಹಳೆಯ ಮಾದರಿಯದು ಸೇರಿದರೆ ಕಂದು ಕೆಸರಾಗುತ್ತದೆ. ಬಾಟಲಿಯ ಬಣ್ಣವನ್ನು ಮಾತ್ರ ನಂಬಿ ಕೊಳ್ಳುವುದೂ ಅಪಾಯಕರ, ಏಕೆಂದರೆ ಬಣ್ಣಕ್ಕೆ ಎಲ್ಲ ತಯಾರಕರೂ ಒಪ್ಪಿದ ನಿಯಮವಿಲ್ಲ. ಹಿಂಬದಿಯ ಚೀಟಿಯಲ್ಲಿ ಬರೆದ ಮಾನದಂಡವನ್ನು ಓದಿಯೇ ಕೊಳ್ಳಬೇಕು, ಬೆರೆಸುವುದಕ್ಕೆ ಡಿಸ್ಟಿಲ್ಡ್ ನೀರನ್ನೇ ಬಳಸಬೇಕು. ಗಡಸು ಬೋರ್‌ವೆಲ್ ನೀರು ಬಿಂದಿಗೆಯ ತಳದಲ್ಲಿ ಬಿಡುವ ಬಿಳಿ ಪದರವನ್ನೇ ರೇಡಿಯೇಟರಿನೊಳಗೂ ಬಿಡುತ್ತದೆ.

ಥರ್ಮೋಸ್ಟಾಟ್ ತೆಗೆಯುವ ಚಾಳಿಯಂತೂ ನಮ್ಮಲ್ಲಿ ಹಳೆಯದು. ‘ನಮ್ಮ ಹವೆಗೆ ಅದು ಬೇಡ’ ಎನ್ನುವವರಿಗೆ, ಸುಮಾರು 87 ಡಿಗ್ರಿಯಲ್ಲಿ ತೆರೆದುಕೊಳ್ಳುವ ಆ ಭಾಗ ಇಲ್ಲದಿದ್ದರೆ ಎಂಜಿನ್ ಬಿಸಿಯಾಗಲು ತಡವಾಗುತ್ತದೆ, ತಣ್ಣಗಿದೆ ಎಂದು ತಿಳಿದ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಕೊಡುತ್ತದೆ, ಸವಕಳಿ ಹೆಚ್ಚುತ್ತದೆ ಎಂಬುದನ್ನು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ಇನ್ನು ಹೆಡ್ ಗ್ಯಾಸ್ಕೆಟ್ ತೀರ್ಪಿನ ಬಗ್ಗೆ. ವ್ಯವಸ್ಥೆಯೊಳಗೆ ಗಾಳಿ ಸಿಕ್ಕಿಕೊಂಡಿದ್ದರೂ ಗುಳ್ಳೆ ಏಳುತ್ತದೆ. ಸಣ್ಣ ದೂರಗಳಿಗಷ್ಟೇ ಓಡಿಸುವ ಕಾರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಆಯಿಲ್ ಕ್ಯಾಪಿನ ಕೆಳಗೆ ತೇವ ಕೂತು ಕೆನೆಯಾಗುವುದು ಸಾಮಾನ್ಯ. ಗ್ಯಾಸ್ಕೆಟ್ ಹೋಗಿದೆಯೇ ಎಂದು ತಿಳಿಯಲು ಒಂದು ನೀಲಿ ದ್ರವದ ಪರೀಕ್ಷೆಯಿದೆ: ಟ್ಯಾಂಕಿನ ಬಾಯಿಯಿಂದ ಹೊರಡುವ ಗಾಳಿಯನ್ನು ಆ ದ್ರವದ ಮೂಲಕ ಹಾಯಿಸಿದಾಗ ಅದರಲ್ಲಿ ಉರಿದ ಅನಿಲವಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಕೆಲವೇ ನಿಮಿಷಗಳ ಕೆಲಸ. ಇದನ್ನು ಮಾಡದೆ ಹೆಡ್ ಇಳಿಸಬೇಕು ಎನ್ನುವವರ ಮಾತಿಗೆ ಬೆಲೆ ಕೊಡಬೇಕಿಲ್ಲ.

ನಿಜವಾದ ಕಾರಣವನ್ನು ಕಂಡುಹಿಡಿದವರು ಹಳೆಯ ಫೋಕ್ಸ್‌ವ್ಯಾಗನ್ ಗುಂಪಿನ (ಸ್ಕೋಡಾ ಕೂಡ ಅದರದೇ) ಕಾರುಗಳನ್ನೇ ನೋಡುವ, ಒಂಟಿಯಾಗಿ ಕೆಲಸ ಮಾಡುವ ಮೆಕ್ಯಾನಿಕ್ ಒಬ್ಬರು. ಅವರು ಮೊದಲು ಕೇಳಿದ್ದು ಕಾರನ್ನು ರಾತ್ರಿ ಬಿಟ್ಟುಹೋಗಲು. ಬಿಸಿ ಎಂಜಿನ್ನಿನಲ್ಲಿ ಹುಡುಕಿದರೆ ಇಂಥ ಸೋರಿಕೆ ಸಿಗುವುದಿಲ್ಲ ಎಂಬುದು ಅವರ ವಾದ, ಮತ್ತು ಅದು ಸರಿ. ಭಾಗಗಳು ಕೂಡುವಲ್ಲಿ ಸೋರದಂತೆ ತಡೆಯುವ ಓ-ರಿಂಗಿನ ರಬ್ಬರು ಗಡಸಾದರೆ, ಅದು ಎಂಜಿನ್ ಆರಿದಾಗ ಕುಗ್ಗಿ ಸಂದು ಬಿಡುತ್ತದೆ. ಬಿಸಿಯಾದಾಗ ಎಲ್ಲವೂ ಹಿಗ್ಗಿ ಆ ಸಂದು ಮುಚ್ಚಿಕೊಳ್ಳುತ್ತದೆ. ಅಷ್ಟಿಷ್ಟು ಹೊರಬಂದ ಕೂಲೆಂಟ್ ಬಿಸಿ ಲೋಹದ ಮೇಲೆ ಆವಿಯಾಗಿ ವಾಸನೆಯನ್ನಷ್ಟೇ ಉಳಿಸುತ್ತದೆ. ಮುಂಜಾನೆ ತಣ್ಣನೆಯ ಎಂಜಿನ್ನಿನ ಟ್ಯಾಂಕಿಗೆ ಕೈಪಂಪಿನ ಪರೀಕ್ಷಕ ಹಚ್ಚಿ, ಮುಚ್ಚಳದ ಮಿತಿ 1.4 ಬಾರ್‌ಗಿಂತ ಸ್ವಲ್ಪ ಕಡಿಮೆ ಒತ್ತಡ ಕೊಟ್ಟು, ಚಹಾ ಕುಡಿದು ಬರುವಷ್ಟು ಹೊತ್ತು ಬಿಟ್ಟೆವು. ಅಷ್ಟರಲ್ಲಿ ಪರೀಕ್ಷಕದ ಒತ್ತಡದ ಮುಳ್ಳು ಇಳಿದಿತ್ತು. ಕೈಗನ್ನಡಿ ಮತ್ತು ಟಾರ್ಚ್ ಹಿಡಿದು ಹೆಡ್ಡಿನ ಗೇರ್‌ಬಾಕ್ಸ್ ಬದಿಯ ತುದಿಯನ್ನು ನೋಡಿದಾಗ, ಹೋಸ್ ಪೈಪುಗಳು ಕೂಡುವ ಪ್ಲಾಸ್ಟಿಕ್ ಫ್ಲ್ಯಾಂಜಿನ ಕೆಳಗೆ ನಸುಗೆಂಪು ಹರಳುಗಟ್ಟಿದ ಗುರುತೂ ಅದರ ಮೇಲೆ ಹೊಸ ಹನಿಯೂ ಕಂಡವು. ಹನಿ ಗೇರ್‌ಬಾಕ್ಸಿನ ಮೇಲೆ ಬಿದ್ದು, ಅಲ್ಲಿಂದ ಅಡಿಯ ಪ್ಲಾಸ್ಟಿಕ್ ತಟ್ಟೆಯಲ್ಲೇ ಉಳಿದುಬಿಡುತ್ತಿದ್ದರಿಂದ ನೆಲ ಒಣಗಿಯೇ ಇರುತ್ತಿತ್ತು. ನೀಲಿ ದ್ರವದ ಪರೀಕ್ಷೆಯನ್ನೂ ಮಾಡಿದೆವು, ಬಣ್ಣ ಬದಲಾಗಲಿಲ್ಲ.

ಇಪ್ಪತ್ತು ವರ್ಷ ಎಂಜಿನ್ನಿನ ಕಾವಿನಲ್ಲಿ ಬಾಳಿದ ಪ್ಲಾಸ್ಟಿಕ್ ಸೀಳಿತೆಂದು ತಯಾರಕರನ್ನು ದೂರುವುದು ನ್ಯಾಯವಲ್ಲ. ಬಿಚ್ಚುವಾಗ ಅದರ ಒಂದು ಕೊಳವೆ ಬಿಸ್ಕತ್ತಿನಂತೆ ಪುಡಿಯಾಯಿತು. ಇಲ್ಲಿ ತಾಳ್ಮೆ ಬೇಕಾಗುತ್ತದೆ: ಒಡೆದ ಚೂರುಗಳು ಹೋಸಿನೊಳಗೆ ಉಳಿದರೆ ಮುಂದೆಲ್ಲೋ ಹೋಗಿ ಅಡ್ಡ ನಿಲ್ಲುತ್ತವೆ, ಆದ್ದರಿಂದ ಒಂದೊಂದನ್ನೂ ಆರಿಸಿ ತೆಗೆಯಬೇಕು. ಹೆಡ್ ಅಲ್ಯುಮಿನಿಯಮ್ಮಿನದು, ಅದರ ಮುಖವನ್ನು ಉಕ್ಕಿನ ಬ್ಲೇಡಿನಿಂದ ಕೆರೆದರೆ ಗೀರು ಬಿದ್ದು ಹೊಸ ಓ-ರಿಂಗೂ ಸೋರುತ್ತದೆ, ಬೋಲ್ಟುಗಳನ್ನು ಬಲ ಹಾಕಿ ತಿರುಗಿಸಿದರೆ ಥ್ರೆಡ್ಡೇ ಕಿತ್ತುಬರುತ್ತದೆ. ಫ್ಲ್ಯಾಂಜ್, ಅದರ ಓ-ರಿಂಗ್, ಅಲ್ಲೇ ಕೂರುವ ಟೆಂಪರೇಚರ್ ಸೆನ್ಸರಿನ ಓ-ರಿಂಗ್, ಹೊಸ ಥರ್ಮೋಸ್ಟಾಟ್, ಟ್ಯಾಂಕಿನ ಮುಚ್ಚಳ, ಕೂಲೆಂಟ್ ಎಲ್ಲ ಸೇರಿದರೂ ಮೊದಲ ಗ್ಯಾರೇಜಿನ ಅಂದಾಜಿನ ಸಣ್ಣ ಪಾಲೂ ಆಗಲಿಲ್ಲ. ಹೆಚ್ಚು ಕೂಲಿ ಹಿಡಿದದ್ದು ಕೆಸರು ತೊಳೆಯುವುದಕ್ಕೆ.

ಇದೇ ಎಂಜಿನ್ ಇರುವವರು ವಾಟರ್ ಪಂಪನ್ನೂ ಗಮನಿಸಬೇಕು. ಅದನ್ನು ತಿರುಗಿಸುವುದು ವಾಲ್ವುಗಳನ್ನು ಪಿಸ್ಟನ್ನಿನ ಚಲನೆಗೆ ಹೊಂದಿಸಿ ನಡೆಸುವ ಟೈಮಿಂಗ್ ಬೆಲ್ಟ್. ಪಂಪಿನಿಂದ ಸೋರಿದ ಕೂಲೆಂಟ್ ಬೆಲ್ಟನ್ನು ನೆನೆಸಿ ಅದು ಹಲ್ಲು ಜಾರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಆದ್ದರಿಂದ ಬೆಲ್ಟ್ ಬದಲಿಸುವಾಗ ಪಂಪ್ ಮತ್ತು (ಬೆಲ್ಟನ್ನು ಬಿಗಿಯಾಗಿ ಹಿಡಿಯುವ) ಟೆನ್ಷನರನ್ನೂ ಒಟ್ಟಿಗೇ ಬದಲಿಸುವುದು ಲೇಸು. ಪಂಪ್ ಚೆನ್ನಾಗಿಯೇ ಇದೆ ಎನ್ನುವ ಗ್ಯಾರೇಜಿನವರಿಗೆ ಅದರ ಪ್ಲಾಸ್ಟಿಕ್ ರೆಕ್ಕೆಗಳನ್ನು ತೋರಿಸಲು ಹೇಳಿ. ತೆಗೆದ ಹಳೆಯ ಕೂಲೆಂಟನ್ನು ಮೋರಿಗೆ ಚೆಲ್ಲಲು ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು ಮೂತ್ರಪಿಂಡ ಕೆಟ್ಟು ಸಾಯಲು.

ಮೊದಲ ಗ್ಯಾರೇಜಿಗೆ ಬಿಲ್ಲಿನ ಪ್ರತಿ ಮತ್ತು ಕೆಸರಿನ ಫೋಟೋ ಕಳಿಸಿ ವಿವರಣೆ ಕೇಳಿದೆ, ಉತ್ತರ ಬಂದಿಲ್ಲ. ಹಿಮ್ಮುಖವಾಗಿ ನೀರು ಹಾಯಿಸಿ ತೊಳೆದ ಮೇಲೆ ಹೀಟರಿನಿಂದ ಅರೆಬೆಚ್ಚನೆಯ ಗಾಳಿ ಬರುತ್ತಿದೆ. ಕೋರ್ ಬದಲಿಸಬೇಕೆಂದರೆ ಡ್ಯಾಶ್‌ಬೋರ್ಡನ್ನು ಇಡಿಯಾಗಿ ಹೊರತೆಗೆಯಬೇಕು, ಆಗ ಈ ವಯಸ್ಸಿನ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಎಷ್ಟು ಮುರಿಯುತ್ತವೋ ಹೇಳಲಾಗದು. ಹಾಗಾಗಿ ಆ ಕೆಲಸವನ್ನು ಮುಂದಿನ ಮಳೆಗಾಲದೊಳಗೆ ಮಾಡಿಸುವುದೆಂದು ಸದ್ಯಕ್ಕೆ ಬದಿಗಿಟ್ಟಿದ್ದೇನೆ.