3 ವರ್ಷ 8 ತಿಂಗಳು, ಒಂದು ಪಾಟೀಸವಾಲೂ ಇಲ್ಲ

ನನ್ನ ಕ್ರಿಮಿನಲ್ ಕೇಸಿಗೆ ಹಿಡಿದಿದ್ದ ವಕೀಲರನ್ನು 3 ವರ್ಷ 8 ತಿಂಗಳ ನಂತರ ಬಿಟ್ಟೆ. ಹೆಸರು ಹಾಕುವುದಿಲ್ಲ. ಅವರ ಮೇಲೆ ದೂರು ಕೊಟ್ಟಿದ್ದೇನೆ, ಅದು ತೀರ್ಮಾನ ಆಗುವ ತನಕ ಹೆಸರು ಹೇಳುವುದು ಸರಿಯಲ್ಲ. ಆದರೆ ಏನಾಯ್ತು ಅನ್ನುವುದನ್ನು ಪೂರ್ತಿ ಬರೆಯುತ್ತೇನೆ. ಹೊಸದಾಗಿ ವಕಾಲತ್ತಿಗೆ (ನಮ್ಮ ಪರ ಕೇಸು ನಡೆಸಲು ವಕೀಲರಿಗೆ ಕೊಡುವ ಅಧಿಕಾರ ಪತ್ರ) ಸಹಿ ಹಾಕುವವರಿಗೆ ಬೇಕಾಗಬಹುದು.

ಕೇಸು 2021ರದ್ದು. ಪಕ್ಕದ ಮನೆಯವರ ಜೊತೆ ಕಾಂಪೌಂಡ್ ವಿಷಯಕ್ಕೆ ಜಗಳ. ಜಗಳ ಆಗಿದ್ದು ನಿಜ. ಕಬ್ಬಿಣದ ರಾಡಿನಲ್ಲಿ ಹೊಡೆದೆ ಅನ್ನುವುದು ಸುಳ್ಳು. ಐಪಿಸಿ 326, ಅಂದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಮಾಡಿದ ಆರೋಪ, ಹಾಕಿದರು. ಅದು ಜಾಮೀನು ಸಿಗದ ಸೆಕ್ಷನ್, ಅಂದರೆ ಕೋರ್ಟು ಕೊಟ್ಟರೆ ಮಾತ್ರ ಸಿಗುವ ಜಾಮೀನು.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ನಿರೀಕ್ಷಣಾ ಜಾಮೀನನ್ನು (ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು) ಅವರು ಚೆನ್ನಾಗಿ ಮಾಡಿಸಿದರು. ರಾತ್ರಿ ಫೋನ್ ಮಾಡಿದರೂ ಎತ್ತುತ್ತಿದ್ದರು. ಸೆಷನ್ಸ್ ಕೋರ್ಟಿನಲ್ಲಿ ವಾದ ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ, ಗಟ್ಟಿಯಾಗಿ ಮಾತಾಡಿದರು. ನನ್ನ ಹೆಂಡತಿ ಆವತ್ತು ಅವರಿಗೆ ಕೈ ಮುಗಿದಳು. ಅದೇ ನಂಬಿಕೆ ಮೇಲೆ ಮುಂದಿನ ಎಲ್ಲವನ್ನೂ ಅವರ ಕೈಗೇ ಬಿಟ್ಟೆವು. ಫೀಸೂ ಕೇಳಿದಾಗಲೆಲ್ಲ ಕೊಟ್ಟೆವು, ಕ್ಯಾಶಲ್ಲಿ. ರಸೀದಿ ಕೇಳಲಿಲ್ಲ. ಕೇಳಬೇಕಿತ್ತು.

ಚಾರ್ಜ್‌ಶೀಟ್ ಬಂದ ಮೇಲೆ ಅವರು ಬೇರೆ ಮನುಷ್ಯರೇ ಆದರು.

ಚಾರ್ಜ್‌ಶೀಟಿನ ಜೆರಾಕ್ಸನ್ನು ನಾನು ಮನೆಯಲ್ಲಿ ಕೂತು ಒಂದೊಂದು ಪುಟ ಓದಿದೆ. ದೂರಿನಲ್ಲಿ ಘಟನೆ ಆಗಿದ್ದು ಸಂಜೆ 7.30ಕ್ಕೆ ಅಂತ ಇದೆ. ಊಂಡ್ ಸರ್ಟಿಫಿಕೇಟಿನಲ್ಲಿ (ಗಾಯದ ಬಗ್ಗೆ ಆಸ್ಪತ್ರೆ ಕೊಡುವ ಪತ್ರ) ಡಾಕ್ಟರು ಗಾಯಾಳುವನ್ನು ನೋಡಿದ ಸಮಯ 6.50. ಮೂರು ಸಲ ಓದಿದೆ. ನಾನು ಹೊಡೆದೆ ಅನ್ನುವ ಹೊತ್ತಿಗೆ 40 ನಿಮಿಷ ಮುಂಚೆಯೇ ಆ ಮನುಷ್ಯ ಆಸ್ಪತ್ರೆಯಲ್ಲಿದ್ದಾನೆ! ಇನ್ನೊಂದು ಕಡೆ ಮೂಳೆ ಮುರಿದಿದೆ, ಹಾಗಾಗಿ ತೀವ್ರ ಗಾಯ ಅಂತ ಬರೆದಿದ್ದಾರೆ. ಎಕ್ಸ್‌ರೇ ಮಾತ್ರ ಕಡತದಲ್ಲಿ ಎಲ್ಲೂ ಇಲ್ಲ. 326 ನಿಲ್ಲಬೇಕಾದರೆ ಗಾಯ ತೀವ್ರ ಅಂತ ಸಾಬೀತಾಗಬೇಕು. ಎರಡೂ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಪುಟಕ್ಕೆ ಚೀಟಿ ಅಂಟಿಸಿ, ಆಫೀಸಿಗೆ ತೆಗೆದುಕೊಂಡು ಹೋದೆ.

"ಅದೆಲ್ಲ ಕ್ರಾಸಲ್ಲಿ ನೋಡ್ಕೋತೀನಿ, ನೀವು ತಲೆ ಕೆಡಿಸ್ಕೋಬೇಡಿ" ಅಂದರು. ಕ್ರಾಸ್ ಅಂದರೆ ಪಾಟೀಸವಾಲು, ಎದುರು ಕಡೆಯ ಸಾಕ್ಷಿಯನ್ನು ನಮ್ಮ ವಕೀಲರು ಪ್ರಶ್ನೆ ಮಾಡುವುದು. ಕಾಗದ ತಿರುಗಿಸಿಯೂ ನೋಡಲಿಲ್ಲ.

ಆಮೇಲೆ ಎರಡು ವರ್ಷ ಬರೀ ತಾರೀಖು. ಅದರಲ್ಲಿ ಎಷ್ಟೋ ಸಲ ತಪ್ಪು ಅವರದಲ್ಲ. ಜಡ್ಜ್ ವರ್ಗ ಆದರು, ಸಾಕ್ಷಿಗೆ ಸಮನ್ಸ್ ಮುಟ್ಟಲಿಲ್ಲ, ಇನ್ನೊಂದು ದಿನ ಕೋರ್ಟೇ ರಜೆ. ಅದಕ್ಕೆಲ್ಲ ವಕೀಲರನ್ನು ಬೈಯುವುದು ನ್ಯಾಯ ಅಲ್ಲ. ನನಗೆ ನೋವಾಗಿದ್ದು ಬೇರೆ. ಒಂದು ದಿನ ಕೋರ್ಟ್ ಕಾರಿಡಾರಿನಲ್ಲಿ ಎದುರು ಸಿಕ್ಕಾಗ, "ನಿಮ್ಮದು ಚೆಕ್ ಬೌನ್ಸ್ ಅಲ್ವಾ?" ಅಂತ ಕೇಳಿದರು. ಎರಡು ವರ್ಷದ ಕಕ್ಷಿದಾರ ನಾನು. "ಇಲ್ಲ ಸಾರ್, 326" ಅಂದೆ. "ಹಾಂ ಹಾಂ" ಅಂತ ಹೇಳಿ ಹೊರಟೇ ಹೋದರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ವಾರಂಟ್. "ಈ ತಾರೀಖಿಗೆ ನೀವು ಬರೋದು ಬೇಡ, ನಾನು ವಿನಾಯಿತಿ ಅರ್ಜಿ ಹಾಕ್ತೀನಿ" ಅಂತ ಅವರೇ ಹೇಳಿದ್ದರು. ನಾನು ಕೆಲಸಕ್ಕೆ ಹೋದೆ. ಹತ್ತು ದಿನ ಬಿಟ್ಟು ಬೆಳಿಗ್ಗೆ ಆರಕ್ಕೆ ಪೊಲೀಸರು ಬಾಗಿಲು ಬಡಿದರು. ಮಗಳು ಸ್ಕೂಲಿಗೆ ಏಳುವ ಹೊತ್ತು. ಜಾಮೀನು ರಹಿತ ವಾರಂಟ್ ಆಗಿತ್ತು. ಪ್ರತಿ ತಾರೀಖಿಗೆ ಏನಾಯ್ತು ಅಂತ ಕೋರ್ಟು ಬರೆಸುವ ಆರ್ಡರ್ ಶೀಟಿನಲ್ಲಿ ಬರೆದಿದ್ದು ಇಷ್ಟೇ: ಆರೋಪಿ ಗೈರು, ಪರ ವಕೀಲರೂ ಗೈರು, ವಾರಂಟ್ ಹೊರಡಿಸಿ. ಅರ್ಜಿ ಹಾಕಿರಲೇ ಇಲ್ಲ. ವಾರಂಟ್ ರದ್ದು ಮಾಡಿಸಲು ಅವರ ಜೂನಿಯರ್ ಹುಡುಗ ಓಡಾಡಿದ. ಪಾಪ, ಅವನು ಒಳ್ಳೆಯವನು. ಸಾಹೇಬರು ಫೋನ್ ಎತ್ತಲಿಲ್ಲ.

ಆವತ್ತಿನಿಂದ ನಾನೇ ಇಕೋರ್ಟ್ಸ್ ಆ್ಯಪ್ ಹಾಕಿಕೊಂಡೆ. ಪ್ರತಿ ಕೇಸಿಗೂ 16 ಅಕ್ಷರದ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ತಾರೀಖು, ಆ ದಿನ ಕೋರ್ಟಲ್ಲಿ ಏನಾಯ್ತು, ಎರಡೂ ಕಾಣುತ್ತವೆ. ವಕೀಲರು ಹೇಳಿದ್ದಕ್ಕೂ ಅದರಲ್ಲಿ ಇದ್ದದ್ದಕ್ಕೂ ಐದಾರು ಸಲ ತಾಳೆ ಆಗಲಿಲ್ಲ.

ಕೊನೆಗೆ ಸಾಕ್ಷಿ ವಿಚಾರಣೆ ಶುರುವಾಯ್ತು. ದೂರುದಾರ ಬಂದು ಮುಖ್ಯ ವಿಚಾರಣೆಯಲ್ಲಿ, ಅಂದರೆ ಸರ್ಕಾರಿ ವಕೀಲರು ಕೇಳಿದಾಗ, ಹೇಳಬೇಕಾದ್ದೆಲ್ಲ ಹೇಳಿದ. ನಮ್ಮ ವಕೀಲರು ಇಲ್ಲ. ಜೂನಿಯರ್ ಸಮಯ ಕೇಳಿದ, ಕೋರ್ಟು ಕೊಟ್ಟಿತು. ಮುಂದಿನ ತಾರೀಖಿಗೂ ಇಲ್ಲ, ಮತ್ತೆ ಕೊಟ್ಟಿತು. ಮೂರನೇ ಸಲ ಡಾಕ್ಟರೂ ಬಂದಿದ್ದರು, ಅವರದ್ದೂ ಮುಖ್ಯ ವಿಚಾರಣೆ ಮುಗಿಯಿತು. ನಾನು ಕಟಕಟೆಯಲ್ಲಿ ನಿಂತಿದ್ದೇನೆ. ಬ್ಯಾಗಿನಲ್ಲಿ ಪೆನ್ಸಿಲ್ ಗೆರೆ ಎಳೆದ ಅದೇ ಜೆರಾಕ್ಸ್. 6.50 ಅಂತ ಬರೆದ ಡಾಕ್ಟರು ನನ್ನಿಂದ ಎಂಟು ಅಡಿ ದೂರದಲ್ಲಿದ್ದಾರೆ. ಕೇಳಬೇಕಾಗಿದ್ದು ಒಂದೇ ಪ್ರಶ್ನೆ. ಜೂನಿಯರ್ ಮತ್ತೆ ಸಮಯ ಕೇಳಿದ. ಜಡ್ಜ್ ತಲೆಯಾಡಿಸಿ, ಇಬ್ಬರಿಗೂ ಪಾಟೀಸವಾಲು ಇಲ್ಲ ಅಂತ ಬರೆಸಿದರು. ಕೋರ್ಟ್ ಭಾಷೆಯಲ್ಲಿ "ಕ್ರಾಸ್ ನಿಲ್". ಡಾಕ್ಟರು ಸಹಿ ಹಾಕಿ ಹೊರಟರು.

ಜಡ್ಜ್ ಮೇಲೆ ನನಗೆ ಕೋಪ ಇಲ್ಲ. ಎರಡು ಸಲ ಸಮಯ ಕೊಟ್ಟಿದ್ದರಲ್ಲ.

ಅದೇ ವಾರ ವಕೀಲರನ್ನು ಬದಲಾಯಿಸಲು ಹೊರಟೆ. ಬಾಕಿ ಫೀಸ್ ಕೊಟ್ಟರೆ ಮಾತ್ರ ಎನ್‌ಒಸಿ (ಬೇರೆ ವಕೀಲರನ್ನು ಇಟ್ಟುಕೊಳ್ಳಲು ಅಭ್ಯಂತರ ಇಲ್ಲ ಅನ್ನುವ ಪತ್ರ), ಫೈಲು ಅಂದರು. ಇದನ್ನು ಎಲ್ಲರೂ ತಿಳಿದಿರಲಿ: ಫೀಸ್ ಬಾಕಿ ಇದೆ ಅಂತ ವಕೀಲರು ಕಕ್ಷಿದಾರನ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಫೀಸಿಗೆ ಬೇರೆ ದಾರಿ ಇದೆ, ಫೈಲು ಒತ್ತೆ ಅಲ್ಲ. ಇದನ್ನು ಬರೆದು ರಿಜಿಸ್ಟರ್ಡ್ ಪೋಸ್ಟ್ ಕಳಿಸಿದೆ. ಉತ್ತರ ಬರಲಿಲ್ಲ. ಹೊಸ ವಕೀಲರು ಕಾಯಲಿಲ್ಲ. ಕೋರ್ಟಿನ ಅನುಮತಿ ಕೇಳಿ ವಕಾಲತ್ತು ಹಾಕಿದರು, ಕಾಗದಗಳಿಗೆ ದೃಢೀಕೃತ ನಕಲು ತೆಗೆಸಿದರು.

ಗ್ರಾಹಕರ ಕೋರ್ಟಿಗೆ ಹೋಗೋಣ ಅಂತಲೂ ಇದ್ದೆ. ಆಗುವುದಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಉಳಿದ ದಾರಿ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಕೆಳಗೆ ದೂರು ಕೊಟ್ಟೆ. ಕೇಸು ಸೋಲುವ ಹಾಗಿದೆ ಅಂತ ಬರೆಯಲಿಲ್ಲ. ಯಾವ ತಾರೀಖಿಗೆ ಬರಲಿಲ್ಲ, ಆ ದಿನ ಆರ್ಡರ್ ಶೀಟಿನಲ್ಲಿ ಏನಿದೆ, ಅಷ್ಟನ್ನೇ ನಕಲು ಸಮೇತ ಬರೆದೆ. ವಾಟ್ಸ್‌ಆ್ಯಪ್ ಮೆಸೇಜುಗಳನ್ನು ಅಳಿಸದೆ ಇಟ್ಟಿದ್ದು ಇಲ್ಲಿ ಕೆಲಸಕ್ಕೆ ಬಂತು.

ಐದರಲ್ಲಿ ಒಂದು ನಕ್ಷತ್ರ ಕೊಡುತ್ತೇನೆ, ಅದು ಆ ಜಾಮೀನಿಗೆ. ತುರ್ತಾಗಿ ಜಾಮೀನು ಕೊಡಿಸುವುದೇ ಬೇರೆ, ವಿಚಾರಣೆ ನಡೆಸುವುದೇ ಬೇರೆ ಅಂತ ನನಗೆ ಮೊದಲೇ ಗೊತ್ತಿದ್ದರೆ, "ಸಾಕ್ಷಿ ಬಂದ ದಿನ ನೀವೇ ಇರ್ತೀರಾ ಸಾರ್?" ಅಂತ ಮೊದಲ ದಿನವೇ ಕೇಳುತ್ತಿದ್ದೆ.

ಹೊಸ ವಕೀಲರು ಮೊದಲ ಭೇಟಿಯಲ್ಲಿ ಎರಡು ಗಂಟೆ ಕೂತು ಪೂರ್ತಿ ಚಾರ್ಜ್‌ಶೀಟ್ ಓದಿದರು. ಚೀಟಿ ಅಂಟಿಸಿದ ಪುಟಕ್ಕೆ ಬಂದಾಗ ನಿಂತು, "ಇದನ್ನ ಯಾರು ಗುರುತು ಮಾಡಿದ್ದು?" ಅಂತ ಕೇಳಿದರು. ನಾನೇ ಅಂದೆ. ಸಾಕ್ಷಿಗಳನ್ನು ಮತ್ತೆ ಕರೆಸಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 311ನೇ ಸೆಕ್ಷನ್ ಕೆಳಗೆ ಅರ್ಜಿ ಹಾಕಿದರು. ಕೋರ್ಟು ದಂಡ ಹಾಕಿ ಒಪ್ಪಿಕೊಂಡಿತು. ಆ ದಂಡ ಕಟ್ಟಿದ್ದೂ ನಾನೇ. ದೂರುದಾರನ ಪಾಟೀಸವಾಲು ಆಯ್ತು, ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೋದೆ ಅಂತ ಕೇಳಿದರೆ ಅವನಿಗೆ ನೆನಪಿಲ್ಲವಂತೆ. ಡಾಕ್ಟರಿಗೆ ಎರಡು ಸಲ ಸಮನ್ಸ್ ಹೋಗಿದೆ. ಅವರಿಗೆ ಬೇರೆ ಊರಿಗೆ ವರ್ಗ ಆಗಿದೆ, ಇನ್ನೂ ಬಂದಿಲ್ಲ.